ಟ್ರೈಕ್ ಬಲಕ್ಕೆ ಎಳೆಯುವುದೂ ಟೈರು ಬೇಗ ಸವೆಯುವುದೂ: ಎರಡು ದೋಷಗಳ ಪತ್ತೆ

ರಿಕಂಬೆಂಟ್ ಟ್ರೈಕ್, ಅಂದರೆ ಒರಗುಕುರ್ಚಿಯಂಥ ಸೀಟಿನಲ್ಲಿ ಕುಳಿತು ಕಾಲುಗಳನ್ನು ಮುಂದಕ್ಕೆ ಚಾಚಿ ತುಳಿಯುವ ಮೂರು ಚಕ್ರದ ಸೈಕಲ್ ಇಟ್ಟುಕೊಂಡವರು ಇಂದಲ್ಲ ನಾಳೆ ಎದುರಿಸುವ ದೋಷಗಳು ಎರಡು. ಸಮತಟ್ಟಾದ ದಾರಿಯಲ್ಲಿ ಹಿಡಿಯನ್ನು ಸಡಿಲಬಿಟ್ಟೊಡನೆ ಗಾಡಿ ಒಂದೇ ಕಡೆಗೆ ಸರಿಯತೊಡಗುವುದು ಒಂದು; ಕೆಲವು ಸಾವಿರ ಕಿಲೋಮೀಟರ್ ಬಾಳಬೇಕಾದ ಮುಂದಿನ ಟೈರುಗಳು ಕೆಲವೇ ವಾರಗಳಲ್ಲಿ ನುಣ್ಣಗಾಗುವುದು ಇನ್ನೊಂದು. ನನ್ನ ಟ್ರೈಕಿನಲ್ಲಿ ಇವು ಒಂದರ ಬೆನ್ನಿಗೆ ಒಂದು ಬಂದವು. ಮೊದಲನೆಯದಕ್ಕೆ ನಾನು ಮಾಡಿದ ಮದ್ದೇ ಎರಡನೆಯದಕ್ಕೆ ಕಾರಣ ಎಂದು ತಿಳಿಯುವ ಹೊತ್ತಿಗೆ ಆರು ವಾರ ಕಳೆದು ಎರಡು ಟೈರುಗಳು ಹಾಳಾಗಿದ್ದವು. ಎಳೆತ ಬೇರೆ, ಸವೆತ ಬೇರೆ, ಇವುಗಳ ಮೂಲವನ್ನು ಬೇರೆಬೇರೆಯಾಗಿಯೇ ಹುಡುಕಬೇಕು ಎಂದು ಯಾರಾದರೂ ಮೊದಲೇ ಹೇಳಿದ್ದರೆ ಆ ಟೈರುಗಳು ಉಳಿಯುತ್ತಿದ್ದವು.

ಗಾಡಿಯ ಪರಿಚಯ ಚುಟುಕಾಗಿ ಹೇಳುತ್ತೇನೆ. ನನ್ನದು ಟ್ಯಾಡ್‌ಪೋಲ್ ಮಾದರಿಯದು. ಮುಂದೆ ಎರಡು ಚಕ್ರ, ಹಿಂದೆ ಒಂದು, ಮೇಲಿನಿಂದ ನೋಡಿದರೆ ಹೆಸರಿಗೆ ತಕ್ಕಂತೆ ದಪ್ಪ ತಲೆ, ಸಣ್ಣ ಬಾಲದ ಗೊದಮೊಟ್ಟೆಯೇ. ಮೂರೂ ಚಕ್ರಗಳು 20 ಇಂಚಿನವು, ಟೈರುಗಳು 40-406 ಅಳತೆಯವು (ಟೈರಿನ ದಪ್ಪ 40, ರಿಮ್ಮಿನ ವ್ಯಾಸ 406 ಮಿಲಿಮೀಟರ್), ಅಂದರೆ ಟೈರಿನ ಹೊರವ್ಯಾಸ ಸುಮಾರು 486 ಮಿಲಿಮೀಟರ್. ಮುಂದಿನ ಪ್ರತಿಯೊಂದು ಚಕ್ರವೂ ತನ್ನದೇ ಕಿಂಗ್‌ಪಿನ್ ಮೇಲೆ, ಅಂದರೆ ನೆಟ್ಟಗಿನ ಕೀಲಿನ ಮೇಲೆ, ಎಡಬಲಕ್ಕೆ ತಿರುಗುತ್ತದೆ. ಎರಡೂ ಕಿಂಗ್‌ಪಿನ್‌ಗಳಿಂದ ಹಿಂದಕ್ಕೆ ಚಾಚಿರುವ ಗಿಡ್ಡ ತೋಳುಗಳನ್ನು ಒಂದು ಅಡ್ಡ ಸರಳು, ಅಂದರೆ ಟೈ ರಾಡ್, ಜೋಡಿಸುತ್ತದೆ. ಎರಡು ಚಕ್ರಗಳು ಹಿಂದಿರುವ ಡೆಲ್ಟಾ ಮಾದರಿಗೆ ಟೈ ರಾಡಿನ ಈ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ.

ನಾನು ಓಡಿಸುವುದು ಅಮೆರಿಕದ ಉತ್ತರ ವರ್ಜೀನಿಯಾದಲ್ಲಿರುವ ಡಬ್ಲ್ಯು ಆ್ಯಂಡ್ ಓಡಿ ಟ್ರೇಲ್ ಮೇಲೆ. 1968ರಲ್ಲಿ ನಿಂತುಹೋದ ರೈಲುಮಾರ್ಗದ ಜಾಡಿನಲ್ಲಿ ಹಾಕಿರುವ, ಸುಮಾರು 72 ಕಿಲೋಮೀಟರ್ ಉದ್ದದ ಡಾಂಬರು ದಾರಿ ಅದು. ರೈಲಿಗೆಂದು ಹದಮಾಡಿದ ನೆಲವಾದ್ದರಿಂದ ಏರಿಳಿತ ಸೌಮ್ಯ, ತಿರುವುಗಳು ಉದ್ದ. ಇಂಥ ದಾರಿಯಲ್ಲಿ ಟ್ರೈಕಿನ ಸಣ್ಣ ವಕ್ರತೆಯೂ ಕೈಗೆ ತಿಳಿಯುತ್ತದೆ. ಅಲ್ಲಿಯೇ ಒಂದು ಸಂಜೆ ಹಿಂದಿನ ಟೈರು ಪಂಕ್ಚರ್ ಆಯಿತು. ಟ್ರೈಕನ್ನು ಹುಲ್ಲಿನ ಮೇಲೆ ಮಗ್ಗುಲಿಗೆ ಮಲಗಿಸಿ, ಚಕ್ರ ಬಿಚ್ಚಿ, ಟ್ಯೂಬ್ ಬದಲಿಸಿ, ಕತ್ತಲಾಗುವ ಮೊದಲು ಮನೆ ಸೇರಿಕೊಂಡೆ. ಮುಂದಿನ ವಾರಾಂತ್ಯದಿಂದ ಗಾಡಿ ಬಲಕ್ಕೆ ಎಳೆಯತೊಡಗಿತು. ಪಂಕ್ಚರಿಗೂ ಎಳೆತಕ್ಕೂ ನಾನು ಸಂಬಂಧ ಕಲ್ಪಿಸಲಿಲ್ಲ. ಕಾರು ಒಂದು ಕಡೆ ಎಳೆದರೆ ವೀಲ್ ಅಲೈನ್‌ಮೆಂಟ್ ಮಾಡಿಸಿ ಎನ್ನುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆಯಲ್ಲ, ಆ ರೂಢಿಯ ಮೇಲೆಯೇ ಟೈ ರಾಡನ್ನು ಮುಕ್ಕಾಲು ಸುತ್ತು ತಿರುಗಿಸಿ ಉದ್ದ ಮಾಡಿದೆ. ಹಿಡಿ ಕೊಂಚ ಬಿಗಿಯಾದಂತೆ ಅನ್ನಿಸಿತು. ಬಿಗಿಯಾದದ್ದನ್ನು ಸರಿಹೋಯಿತು ಎಂದುಕೊಂಡೆ. ಅಲ್ಲಿಂದ ಆರು ವಾರಕ್ಕೆ, ಸುಮಾರು 600 ಕಿಲೋಮೀಟರ್ ಓಡುವಷ್ಟರಲ್ಲಿ, ಮುಂದಿನ ಎರಡೂ ಟೈರುಗಳ ಗೆರೆಗಳು ಮಾಯವಾಗಿದ್ದವು.

ಎಳೆತಕ್ಕೆ ಟೋ ಏಕೆ ಕಾರಣವಲ್ಲ

ಮುಂದಿನ ಎರಡು ಚಕ್ರಗಳ ನಡುವಿನ ಅಂತರವನ್ನು ಆಕ್ಸಲಿನ ಮುಂದುಗಡೆ ಒಮ್ಮೆ, ಹಿಂದುಗಡೆ ಒಮ್ಮೆ ಅಳೆದಾಗ ಮುಂದಿನ ಅಂತರ ಕಡಿಮೆಯಿದ್ದರೆ ಅದು ಟೋ-ಇನ್, ಹೆಚ್ಚಿದ್ದರೆ ಟೋ-ಔಟ್. ಚಕ್ರಗಳು ಪರಸ್ಪರ ಮೂತಿ ಒಳಗೆ ಮಾಡಿಕೊಂಡಿವೆಯೋ ಹೊರಗೆ ಮಾಡಿಕೊಂಡಿವೆಯೋ ಎಂಬುದಷ್ಟೇ ಇದರ ಅರ್ಥ. ಎರಡು ಚಕ್ರಗಳೂ ಒಂದೇ ಟೈ ರಾಡಿಗೆ ಸೇರಿರುವುದರಿಂದ ಗಾಡಿ ಓಡುವಾಗ ಈ ತಪ್ಪು ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ: ಎಡದ್ದು ಬಲಕ್ಕೆ ಎಷ್ಟು ತಳ್ಳುತ್ತದೋ ಬಲದ್ದು ಎಡಕ್ಕೆ ಅಷ್ಟೇ ತಳ್ಳುತ್ತದೆ, ಎರಡೂ ಸೇರಿ ರದ್ದಾಗುತ್ತವೆ. ರದ್ದಾಗದೆ ಉಳಿಯುವುದು ಉಜ್ಜಾಟ ಮಾತ್ರ. ಆದ್ದರಿಂದ ಟೋ ಕೆಟ್ಟರೆ ಟೈರು ಸವೆಯುತ್ತದೆ, ಗಾಡಿ ಭಾರವೆನಿಸುತ್ತದೆ, ಟೋ-ಔಟ್ ಆಗಿದ್ದರೆ ವೇಗದಲ್ಲಿ ಮೂತಿ ಅತ್ತಿತ್ತ ಹೊಯ್ದಾಡುತ್ತದೆ. ಆದರೆ ಗಾಡಿ ಒಂದೇ ಕಡೆಗೆ ಸತತವಾಗಿ ಎಳೆಯುವುದಿಲ್ಲ. ಸತತವಾಗಿ ಎಳೆಯುತ್ತಿದೆ ಎಂದರೆ ಎಡಕ್ಕೂ ಬಲಕ್ಕೂ ಎಲ್ಲೋ ಭೇದವಿದೆ ಎಂದು ಅರ್ಥ, ಆ ಭೇದ ಎಲ್ಲಿದೆ ಎಂದು ಹುಡುಕುವುದೇ ಮೊದಲ ಕೆಲಸ.

ಎಳೆತದ ಮೂಲ ಹುಡುಕುವುದು

ಮೊದಲು ದಾರಿಯನ್ನು ಸಂಶಯದಿಂದ ನೋಡಬೇಕು. ನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಉಬ್ಬಿಸಿ ಅಂಚುಗಳನ್ನು ತಗ್ಗಿಸಿರುತ್ತಾರೆ. ಬಲಬದಿಯಲ್ಲಿ ಚಲಿಸುವ ಅಮೆರಿಕದಲ್ಲಿ ಗಾಡಿ ಬಲಕ್ಕೆ, ಎಡಬದಿಯಲ್ಲಿ ಚಲಿಸುವ ನಮ್ಮೂರಿನಲ್ಲಿ ಎಡಕ್ಕೆ ವಾಲುವುದು ಸಹಜ. ಹೋದ ದಾರಿಯಲ್ಲೇ ವಾಪಸ್ಸು ಬಂದರೂ ನಾವು ಮತ್ತೆ ಅದೇ ಬದಿಯ ಇಳಿಜಾರಿನಲ್ಲಿರುತ್ತೇವಾದ್ದರಿಂದ ಹೋಗಿಬಂದು ನೋಡುವ ಪರೀಕ್ಷೆ ಇಲ್ಲಿ ಮೋಸಮಾಡುತ್ತದೆ. ಭಾನುವಾರ ಬೆಳಿಗ್ಗೆ ಖಾಲಿಯಿರುವ ಪಾರ್ಕಿಂಗ್ ಜಾಗ ಇದಕ್ಕೆ ತಕ್ಕುದು. ಅಲ್ಲಿ ಬಣ್ಣದಲ್ಲಿ ಎಳೆದಿರುವ ಒಂದು ನೇರ ಗೆರೆಯನ್ನು ಆರಿಸಿಕೊಂಡು, ಗಂಟೆಗೆ 15 ಕಿಲೋಮೀಟರ್ ವೇಗ ಬಂದ ಮೇಲೆ ತುಳಿಯುವುದನ್ನು ನಿಲ್ಲಿಸಿ, ಹಿಡಿಯ ಮೇಲೆ ಬೆರಳ ತುದಿಯಷ್ಟೇ ಇಟ್ಟು ಗೆರೆಯ ಮೇಲೆ ತೇಲಿಬಿಡಬೇಕು. ಬಳಿಕ ಅದೇ ಗೆರೆಯ ಮೇಲೆ ಎದುರು ದಿಕ್ಕಿನಿಂದ ಇದನ್ನೇ ಮಾಡಬೇಕು. ಎಳೆತ ಹೋಗುವಾಗ ಬಲಕ್ಕೆ, ಬರುವಾಗ ಎಡಕ್ಕೆ ಇದ್ದರೆ ತಪ್ಪು ನೆಲದ್ದು. ಎರಡು ಸಲವೂ ಬಲಕ್ಕೇ ಇದ್ದರೆ ಗಾಡಿಯದು. ನನ್ನದು ಎರಡು ಸಲವೂ ಬಲಕ್ಕೇ ಎಳೆಯಿತು. ಜೊತೆಗೆ ಇನ್ನೊಂದು ಸುಳಿವು ಸಿಕ್ಕಿತು: ಗಾಡಿ ಗೆರೆಯ ಮೇಲೆ ನೇರ ಹೋಗುತ್ತಿದ್ದಾಗಲೂ ಎರಡು ಹಿಡಿಗಳು ಸಮನಾಗಿರಲಿಲ್ಲ, ಸ್ಟಿಯರಿಂಗ್ ತುಸು ಎಡಕ್ಕೆ ತಿರುಗಿಯೇ ಇತ್ತು.

ಬಳಿಕದ ಪರೀಕ್ಷೆಗಳು ಸುಲಭದವು, ಬೇಗ ಮುಗಿಯುವವು. ಮುಂದಿನ ಎರಡು ಟೈರುಗಳ ಗಾಳಿ ಮಾಪಕದಲ್ಲಿ ಸಮನಾಗಿರಬೇಕು. 20 ಇಂಚಿನ ಟೈರಿನೊಳಗೆ ಹಿಡಿಯುವ ಗಾಳಿಯೇ ಕಡಿಮೆಯಾದ್ದರಿಂದ ಸಣ್ಣ ಸೋರಿಕೆಗೂ ಒತ್ತಡ ಬೇಗ ಇಳಿಯುತ್ತದೆ, ಬೆರಳಿನಿಂದ ಒತ್ತಿ ನೋಡುವುದನ್ನು ನಂಬಬಾರದು. ಆಮೇಲೆ ಒಂದೊಂದು ಚಕ್ರವನ್ನೂ ನೆಲದಿಂದ ಎತ್ತಿ ಒಂದೇ ಬಲದಿಂದ ತಿರುಗಿಸಿ ಎಷ್ಟು ಸುತ್ತಿಗೆ ನಿಲ್ಲುತ್ತದೆಂದು ಎಣಿಸಬೇಕು. ಒಂದು ಚಕ್ರ ಮಾತ್ರ ಬೇಗ ನಿಂತರೆ ಆ ಬದಿಯ ಬ್ರೇಕ್ ಪ್ಯಾಡ್ ಡಿಸ್ಕಿಗೆ ತಾಗುತ್ತಿದೆ, ಇಲ್ಲವೇ ಬೇರಿಂಗ್ ಬಿಗಿಯಾಗಿದೆ. ಒಂದೇ ಬದಿಗೆ ಕಟ್ಟಿದ ಚೀಲವನ್ನು ಬಿಚ್ಚಿಟ್ಟು ಒಮ್ಮೆ ಓಡಿಸಿ ನೋಡಬೇಕು. ನನ್ನ ಟ್ರೈಕ್ ಇವೆಲ್ಲವನ್ನೂ ದಾಟಿತು; ಗಾಳಿ ಎಡಕ್ಕೆ 60, ಬಲಕ್ಕೆ 58 ಪಿಎಸ್‌ಐ ಇತ್ತು, ಅದನ್ನು ಸಮಮಾಡಿದರೂ ಎಳೆತ ಹೋಗಲಿಲ್ಲ.

ಉಳಿದದ್ದು ಹಿಂದಿನ ಚಕ್ರ. ಸ್ಟಿಯರಿಂಗ್ ಇರುವುದು ಮುಂದೆ, ಹಾಗಾಗಿ ತಪ್ಪೂ ಮುಂದೆಯೇ ಎಂಬ ಪೂರ್ವಗ್ರಹದಿಂದ ಟ್ರೈಕ್ ಸವಾರರು ಹಿಂದಿನ ಚಕ್ರವನ್ನು ತಿರುಗಿಯೂ ನೋಡುವುದಿಲ್ಲ. ನಾನೂ ನೋಡಿದ್ದು ಚೈನಿನ ಎಣ್ಣೆಕಸ ಒರೆಸಲು ಕುಳಿತಾಗಲೇ. ಟೈರಿಗೂ ಚೌಕಟ್ಟಿನ ಹಿಂದಿನ ಕೊಳವೆಗಳಿಗೂ ನಡುವಿನ ಸಂದಿಯಲ್ಲಿ ಬಟ್ಟೆ ತೂರಿಸುತ್ತಿದ್ದೆ. ಬಲಗಡೆ ಕಿರುಬೆರಳು ಬಟ್ಟೆ ಸಮೇತ ಸಲೀಸಾಗಿ ಹೋಯಿತು, ಎಡಗಡೆ ಬರಿಯ ಬೆರಳೂ ಹೋಗಲಿಲ್ಲ. ಅಳೆದರೆ ಎಡಗಡೆ 8, ಬಲಗಡೆ 15 ಮಿಲಿಮೀಟರ್. ಚಕ್ರ ತಿರುಗಿಸಿ ನೋಡಿದೆ. ರಿಮ್ ಬೆಂಡ್ ಆಗಿದ್ದರೆ ಸಂದಿ ಹಿಗ್ಗುತ್ತ ಕುಗ್ಗುತ್ತ ಹೋಗಬೇಕು, ಇಲ್ಲಿ ಹಾಗಾಗಲಿಲ್ಲ, ಎಡದ ಸಂದಿ ಪೂರ್ತಿ ಸುತ್ತಿಗೂ ಇಕ್ಕಟ್ಟಾಗಿಯೇ ಉಳಿಯಿತು. ಆದ್ದರಿಂದ ಊರಿನ ಸೈಕಲ್ ಶಾಪಿನಲ್ಲಿ ಕಡ್ಡಿ ಬಿಗಿಸಿ ಬೆಂಡ್ ತೆಗೆಸುತ್ತಿದ್ದಂಥ ತಪ್ಪು ಇದಲ್ಲ, ಚಕ್ರವೇ ಓರೆಯಾಗಿ ಕುಳಿತಿದೆ ಎಂದಾಯಿತು.

ನನ್ನ ಟ್ರೈಕಿನಲ್ಲಿ ಆಕ್ಸಲ್ ಕೂರುವ ಸೀಳುಗಳು ನೇರ ಮೇಲ್ಮುಖವಾಗಿರದೆ ಹಿಂದಕ್ಕೆ ಓರೆಯಾಗಿವೆ. ಆಕ್ಸಲ್ ಮೇಲಕ್ಕೂ ಹಿಂದಕ್ಕೂ ಸರಿದು ಸೀಳಿನ ತಳ ಮುಟ್ಟಬೇಕು. ಪಂಕ್ಚರಿನ ಸಂಜೆ ಗಾಡಿಯನ್ನು ಮಗ್ಗುಲಿಗೆ ಮಲಗಿಸಿಯೇ ಕ್ವಿಕ್ ರಿಲೀಸ್ ಸನ್ನೆಯನ್ನು, ಅಂದರೆ ಆಕ್ಸಲನ್ನು ಬಿಗಿದಿಡುವ ಹಿಡಿಗೋಲನ್ನು, ಮುಚ್ಚಿದ್ದೆ; ಗಾಡಿಯ ಭಾರ ಆಕ್ಸಲನ್ನು ಒಳಗೆ ಒತ್ತುವ ಬದಲು ಚೈನಿನ ಬಿಗುವು ಬಲತುದಿಯನ್ನು ಮುಂದಕ್ಕೆ ಎಳೆದುಕೊಂಡು ನಿಂತಿತ್ತು, ನಾನು ಅದನ್ನು ಹಾಗೆಯೇ ಬಿಗಿದಿದ್ದೆ. ಬಲತುದಿ 2 ಮಿಲಿಮೀಟರಿನಷ್ಟು ಮುಂದಿದ್ದರೆ ಚಕ್ರದ ಮುಂಭಾಗ ಎಡಕ್ಕೆ ತಿರುಗುತ್ತದೆ, ಓಡುವಾಗ ಗಾಡಿಯ ಹಿಂಬದಿ ಎಡಕ್ಕೆ ಸರಿಯುತ್ತದೆ, ಆಗ ಮೂತಿ ಬಲಕ್ಕೆ ಹೋಗುತ್ತದೆ. ಆಕ್ಸಲಿನ ಎರಡು ತುದಿಗಳ ನಡುವೆ 135 ಮಿಲಿಮೀಟರ್ ಇರುವ ಗಾಡಿಯಲ್ಲಿ 2 ಮಿಲಿಮೀಟರ್ ಎಂದರೆ ಒಂದು ಡಿಗ್ರಿಗಿಂತ ತುಸು ಕಡಿಮೆ. ಇಷ್ಟರಿಂದ ಏನಾದೀತು ಎನ್ನಿಸಬಹುದು. ಆದರೆ ಮುಂದಿನ ಚಕ್ರಗಳಿಂದ ಹಿಂದಿನ ಚಕ್ರಕ್ಕೆ ಇರುವ ದೂರ ಒಂದು ಮೀಟರ್ ಎಂದಿಟ್ಟುಕೊಂಡರೆ, ಸ್ಟಿಯರಿಂಗನ್ನು ನಟ್ಟನಡುವೆ ಹಿಡಿದ ಗಾಡಿ ಸುಮಾರು 67 ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗುತ್ತ ಹೋಗುತ್ತದೆ, 20 ಮೀಟರ್ ಸಾಗುವಷ್ಟರಲ್ಲಿ 3 ಮೀಟರ್ ಬಲಕ್ಕೆ ಸರಿದಿರುತ್ತದೆ. ಹಿಡಿಗಳು ಏಕೆ ಸಮನಾಗಿರಲಿಲ್ಲ ಎಂಬುದಕ್ಕೂ ಉತ್ತರ ಇದೇ.

ಪರಿಹಾರಕ್ಕೆ ಒಂದು ನಿಮಿಷ ಸಾಕಾಯಿತು. ಗಾಡಿಯನ್ನು ಮೂರೂ ಚಕ್ರಗಳ ಮೇಲೆ ನಿಲ್ಲಿಸಿ, ಸನ್ನೆ ಸಡಿಲಿಸಿ, ಸೀಟಿನ ಹಿಂಬದಿಯನ್ನು ಕೆಳಕ್ಕೆ ಒತ್ತಿಹಿಡಿದು ಆಕ್ಸಲ್ ಎರಡೂ ಕಡೆ ಸೀಳಿನ ತಳಕ್ಕೆ ಕೂತದ್ದನ್ನು ಕಣ್ಣಾರೆ ನೋಡಿ, ಒತ್ತಿಹಿಡಿದಂತೆಯೇ ಸನ್ನೆ ಮುಚ್ಚಿದೆ. ಸಂದಿಗಳು ಎಡಕ್ಕೆ 11, ಬಲಕ್ಕೆ 12 ಆದವು. ಪಾರ್ಕಿಂಗ್ ಜಾಗದ ಗೆರೆಯ ಮೇಲೆ ಎಳೆತ ಇರಲಿಲ್ಲ. ಅರೆಬರೆ ಕೂತ ಆಕ್ಸಲ್ ವೇಗದಲ್ಲಿ ಜಾರಿ ಹೊರಬರುವ ಅಪಾಯವೂ ಇತ್ತೆಂಬುದನ್ನು ನೆನೆದರೆ ಆರು ವಾರ ನಾನು ಓಡಿಸಿದ್ದು ಎಂಥ ಗಾಡಿಯನ್ನು ಎಂದು ಈಗಲೂ ಮೈ ಜುಮ್ಮೆನ್ನುತ್ತದೆ.

ಸವೆತವನ್ನು ಓದುವುದು, ಟೋ ಅಳೆಯುವುದು

ಎಳೆತ ಹೋದ ಮೇಲೂ ಟೈರುಗಳಿಂದ ಕಾದ ಕಾವಲಿಗೆ ಹಿಟ್ಟು ಹುಯ್ದಾಗ ಬರುವಂಥ ಸಣ್ಣ ಚುಂಯ್ ಸದ್ದು ಬರುತ್ತಲೇ ಇತ್ತು. ಇದು ನಾನೇ ತಂದುಕೊಂಡ ದೋಷ. ಸವೆದ ಟೈರನ್ನು ಎಸೆಯುವ ಮೊದಲು ಅಂಗೈಯಿಂದ ಓದಬೇಕು: ಟೈರಿನ ಮೇಲೆ ಅಡ್ಡಡ್ಡಲಾಗಿ, ಹೊರಗಿನಿಂದ ಒಳಗಿನ ಕಡೆಗೆ, ಅಂದರೆ ಸೀಟಿನ ಕಡೆಗೆ, ಸವರಿದಾಗ ನುಣುಪಾಗಿಯೂ ಒಳಗಿನಿಂದ ಹೊರಕ್ಕೆ ಸವರಿದಾಗ ಗರಗಸದ ಹಲ್ಲಿನಂತೆ ತಡೆಯುವಂತೆಯೂ ಇದ್ದರೆ ಟೋ-ಇನ್ ಹೆಚ್ಚಾಗಿದೆ, ಇದು ತಿರುಗುಮುರುಗಾಗಿದ್ದರೆ ಟೋ-ಔಟ್ ಆಗಿದೆ. ಎರಡರಲ್ಲಿ ಒಂದೇ ಟೈರು ಸವೆದಿದ್ದರೆ ಮಾತ್ರ ಟೋ ಬಿಟ್ಟು ಬೇರೆ ಕಡೆ ನೋಡಬೇಕು. ಎತ್ತರದ ಅಂಚುಗಲ್ಲಿಗೆ ಗುದ್ದಿ ಆಕ್ಸಲ್ ಬಾಗಿರುವುದು, ತಾಗಿಕೊಂಡೇ ಇರುವ ಬ್ರೇಕ್, ಇಂಥವು. ನನ್ನ ಎರಡೂ ಟೈರುಗಳು ಒಂದೇ ರೀತಿ ಸವೆದು, ಎರಡೂ ಹೊರಮುಖ ಸವರಿದಾಗ ತಡೆಯುತ್ತಿದ್ದವು.

ಅಳೆಯುವ ಮುನ್ನ ಕಿಂಗ್‌ಪಿನ್ ಬೇರಿಂಗುಗಳಲ್ಲಿಯೂ ಟೈ ರಾಡಿನ ಎರಡು ತುದಿಗಳ ಗುಂಡುಕೀಲುಗಳಲ್ಲಿಯೂ ಅಲುಗಾಟ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಒಂದು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಟಕ್ ಎಂದರೆ ಮೊದಲು ಅದನ್ನು ಸರಿಪಡಿಸಬೇಕು. ಅಲುಗಾಡುವ ಸ್ಟಿಯರಿಂಗಿನಲ್ಲಿ ಅಳೆದ ಟೋ ಪ್ರತಿ ಸಲವೂ ಬೇರೆ ಅಂಕಿ ಹೇಳುತ್ತದೆ.

ಟೋ ಅಳೆಯುವಾಗ ಮೂರು ಎಚ್ಚರಿಕೆಗಳನ್ನು ಮರೆಯಬಾರದು. ಸ್ಟಿಯರಿಂಗ್ ನೇರವಾಗಿರಬೇಕು, ಏಕೆಂದರೆ ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗುವಂತೆಯೇ ಕಿಂಗ್‌ಪಿನ್ನಿನ ತೋಳುಗಳನ್ನು ಓರೆಯಾಗಿ ರೂಪಿಸಿರುತ್ತಾರೆ. ಈ ಏರ್ಪಾಡನ್ನು ಕುದುರೆಗಾಡಿಗಳಿಗಾಗಿ ಕಂಡುಹಿಡಿದವನು ಮ್ಯೂನಿಕ್ಕಿನ ಗಾಡಿ ತಯಾರಕ ಲಂಕೆನ್‌ಸ್ಪೆರ್ಗರ್. ಆತನ ಪರವಾಗಿ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಆಕರ್ಮನ್ ಹೆಸರೇ ಅದಕ್ಕೆ ಉಳಿದುಕೊಂಡಿತು. ಎರಡನೆಯದಾಗಿ, ಸವಾರ ಸೀಟಿನಲ್ಲಿ ಕುಳಿತಿರಬೇಕು. ದೇಹದ ಭಾರಕ್ಕೆ ಅಡ್ಡತೊಲೆ ಬಾಗಿದಾಗ ಟೋ ಬದಲಾಗುತ್ತದೆ, ನನ್ನ ಗಾಡಿಯಲ್ಲಿ ಈ ವ್ಯತ್ಯಾಸ 2 ಮಿಲಿಮೀಟರ್. ಮೂರನೆಯದಾಗಿ, ಮುಂದೆಯೂ ಹಿಂದೆಯೂ ಟೈರಿನ ಮೇಲಿನ ಅದೇ ಬಿಂದುಗಳನ್ನು ಅಳೆಯಬೇಕು, ಇಲ್ಲದಿದ್ದರೆ ರಿಮ್ಮಿನ ಬೆಂಡ್ ಅಳತೆಯೊಳಗೆ ಸೇರಿಕೊಳ್ಳುತ್ತದೆ.

ಅಳತೆಪಟ್ಟಿಯನ್ನು ನೇರವಾಗಿ ಹಿಡಿಯಲು ಚೌಕಟ್ಟು ಅಡ್ಡಬರುವುದರಿಂದ ನಾನು ಎರಡು ತೆಳ್ಳನೆಯ ಮರದ ಪಟ್ಟಿಗಳನ್ನು ಒಂದರ ಮೇಲೊಂದು ಜಾರುವಂತೆ ರಬ್ಬರ್ ಬ್ಯಾಂಡಿನಿಂದ ಕಟ್ಟಿಕೊಂಡೆ. ಮುಂದಿನ ಚಕ್ರಗಳ ಒಳಮೈಗಳಲ್ಲಿ, ರಿಮ್ಮಿಗೆ ಹತ್ತಿರವಲ್ಲದೆ ಟೈರಿನ ಹೊರಅಂಚಿಗೆ ಆದಷ್ಟು ಸಮೀಪದಲ್ಲಿ, ಚಕ್ರದ ಮುಂಬದಿಯಲ್ಲಿ ಆಕ್ಸಲಿನಷ್ಟೇ ಎತ್ತರಕ್ಕೆ, ಸೀಮೆಸುಣ್ಣದಿಂದ ಒಂದೊಂದು ಚುಕ್ಕೆ ಇಟ್ಟೆ. ನಾನು ಸೀಟಿನಲ್ಲಿ ಕುಳಿತೆ. ಮಗಳು ಪಟ್ಟಿಗಳನ್ನು ಎರಡೂ ಚುಕ್ಕೆಗಳಿಗೆ ತಾಗುವವರೆಗೆ ಜಾರಿಸಿ, ಒಂದರ ಕೊನೆ ಇನ್ನೊಂದರ ಮೇಲೆ ಎಲ್ಲಿಗೆ ಬಂತೋ ಅಲ್ಲಿ ಪೆನ್ಸಿಲಿನಿಂದ ಗೀಟು ಹಾಕಿದಳು. ಬಳಿಕ ಗಾಡಿಯನ್ನು ಅರ್ಧ ಸುತ್ತಿನಷ್ಟು, ಅಂದರೆ ಸುಮಾರು 76 ಸೆಂಟಿಮೀಟರ್, ಮುಂದಕ್ಕೆ ಉರುಳಿಸಿದಾಗ ಅದೇ ಚುಕ್ಕೆಗಳು ಹಿಂಬದಿಗೆ ಅದೇ ಎತ್ತರಕ್ಕೆ ಬಂದವು. ಅಲ್ಲಿಯೂ ಗೀಟು ಹಾಕಿಸಿದೆ. ಎರಡು ಗೀಟುಗಳ ನಡುವಿನ ದೂರವೇ ಟೋ. "ಅಪ್ಪಾ, ಇದು 11 ಮಿಲಿಮೀಟರ್, ಪೆನ್ಸಿಲ್ ದಪ್ಪ ಬಿಟ್ಟು" ಎಂದಳು. ಇರಬೇಕಾದದ್ದು ಸೊನ್ನೆಯಿಂದ 2 ಮಿಲಿಮೀಟರ್ ಒಳಗಿನ ಟೋ-ಇನ್.

ಈ 11ರಲ್ಲಿ ಆಗುವ ನಷ್ಟವನ್ನು ಲೆಕ್ಕ ಹಾಕಬಹುದು. 486 ಮಿಲಿಮೀಟರ್ ಉದ್ದಕ್ಕೆ 11 ಮಿಲಿಮೀಟರ್ ವ್ಯತ್ಯಾಸ ಎರಡು ಚಕ್ರಗಳಿಗೆ ಹಂಚಿದರೆ, ಪ್ರತಿ ಚಕ್ರವೂ ಒಂದು ಮೀಟರ್ ಸಾಗುವಾಗ 11 ಮಿಲಿಮೀಟರಿನಷ್ಟು, ಒಂದು ಕಿಲೋಮೀಟರಿಗೆ 11 ಮೀಟರಿನಷ್ಟು, ಅಡ್ಡಕ್ಕೆ ಎಳೆಯಲ್ಪಡುತ್ತದೆ. ಅದರಲ್ಲಿ ಒಂದಿಷ್ಟನ್ನು ಟೈರಿನ ಮೈ ಬಾಗಿ ನುಂಗಿಕೊಳ್ಳುತ್ತದಾದರೂ, 600 ಕಿಲೋಮೀಟರಿಗೆ ಆರು ಕಿಲೋಮೀಟರಿಗೂ ಹೆಚ್ಚು ಅಡ್ಡ ಎಳೆತ ಕಂಡ ರಬ್ಬರು ಉಳಿಯುವುದಾದರೂ ಹೇಗೆ?

ಸರಿಪಡಿಸುವುದು

ಟೈ ರಾಡಿನ ಒಂದು ತುದಿಯಲ್ಲಿ ಬಲಮರೆ (ಬಲಕ್ಕೆ ತಿರುಗಿಸಿದರೆ ಬಿಗಿಯುವ ತಿರುಪುಸುರುಳಿ), ಇನ್ನೊಂದು ತುದಿಯಲ್ಲಿ ಎಡಮರೆ (ಎಡಕ್ಕೆ ತಿರುಗಿಸಿದರೆ ಬಿಗಿಯುವುದು) ಇರುತ್ತದೆ. ರಾಡ್ ತಾನಾಗಿ ತಿರುಗದಂತೆ ಹಿಡಿದಿಡುವ ಎರಡೂ ಕಡೆಯ ಚೆಕ್‌ನಟ್ ಸಡಿಲಿಸಿ ರಾಡನ್ನು ತಿರುಗಿಸಿದರೆ ಅದು ಎರಡೂ ತುದಿಗಳಲ್ಲಿ ಒಟ್ಟಿಗೆ ಉದ್ದವಾಗುತ್ತದೆ ಅಥವಾ ಗಿಡ್ಡವಾಗುತ್ತದೆ. ಎಡಮರೆಯ ಚೆಕ್‌ನಟ್ ತಿರುಗುವುದು ವಿರುದ್ಧ ದಿಕ್ಕಿಗೆ ಎಂಬುದನ್ನು ಮರೆತು ಬಲವಂತ ಮಾಡಿ ಮೂಲೆ ಸವೆಸಿಕೊಂಡವರಲ್ಲಿ ನಾನೂ ಒಬ್ಬ. ರಾಡ್ ಕಿಂಗ್‌ಪಿನ್ನಿನ ಹಿಂದಿದ್ದರೆ ಅದನ್ನು ಉದ್ದ ಮಾಡಿದಾಗ ಟೋ-ಇನ್ ಹೆಚ್ಚುತ್ತದೆ, ಗಿಡ್ಡ ಮಾಡಿದಾಗ ಕಡಿಮೆಯಾಗುತ್ತದೆ. ರಾಡ್ ಮುಂದಿದ್ದರೆ ಇದು ಉಲ್ಟಾ.

ಎಷ್ಟು ತಿರುಗಿಸಬೇಕು ಎಂಬುದರಲ್ಲಿಯೇ ಹೆಚ್ಚಿನವರು ಎಡವುವುದು. ನನ್ನ ರಾಡಿನದು 6 ಮಿಲಿಮೀಟರ್ ಬೋಲ್ಟಿನ ಸಾಮಾನ್ಯ ಮರೆ, ಒಂದು ಸುತ್ತಿಗೆ ಒಂದು ಮಿಲಿಮೀಟರ್. ಎರಡು ತುದಿ ಸೇರಿ ಒಂದು ಸುತ್ತಿಗೆ ರಾಡ್ 2 ಮಿಲಿಮೀಟರ್ ಬದಲಾಗುತ್ತದೆ. ಕಿಂಗ್‌ಪಿನ್ನಿನಿಂದ ರಾಡಿಗೆ ಇರುವ ತೋಳು 70 ಮಿಲಿಮೀಟರ್, ಟೈರಿನ ವ್ಯಾಸ 486; ತೋಳಿನ ತುದಿಯಲ್ಲಾದ 2 ಮಿಲಿಮೀಟರ್ ಟೈರಿನಲ್ಲಿ ಸುಮಾರು 14 ಮಿಲಿಮೀಟರ್ ಆಗಿ ಕಾಣುತ್ತದೆ. ಮುಕ್ಕಾಲು ಸುತ್ತು ಎಂದರೆ 10ಕ್ಕಿಂತ ತುಸು ಹೆಚ್ಚು. ಮೊದಲು ಸರಿಯಾಗಿಯೇ ಇದ್ದ ಒಂದು ಮಿಲಿಮೀಟರಿಗೆ ಅದನ್ನು ಕೂಡಿಸಿದರೆ ಮಗಳು ಹೇಳಿದ 11 ಬರುತ್ತದೆ. ಲೆಕ್ಕ ಇಷ್ಟು ಸರಿಯಾಗಿ ಹೊಂದಿದ್ದು ನನಗೆ ಸಮಾಧಾನವನ್ನೂ ನಾಚಿಕೆಯನ್ನೂ ಒಟ್ಟಿಗೆ ತಂದಿತು. ಆದ್ದರಿಂದ ರಾಡಿನ ಮೇಲೆ ಬಿಳಿ ಬಣ್ಣದ ಗುರುತು ಹಾಕಿ, ಎಂಟನೇ ಒಂದು ಸುತ್ತಿನಂತೆ ತಿರುಗಿಸಿ, ಪ್ರತಿ ಸಲವೂ ಗಾಡಿಯನ್ನು ಎರಡು ಮೂರು ಮೀಟರ್ ಮುಂದಕ್ಕೆ ಉರುಳಿಸಿ ಟೈರುಗಳ ತಿರುಚು ಬಿಡಿಸಿ ಅಳೆಯಬೇಕು. ಒಂದೇ ಮಿಲಿಮೀಟರ್ ಟೋ-ಇನ್ ಬಂದಾಗ ನಿಲ್ಲಿಸಿದೆ. ಚೆಕ್‌ನಟ್ ಬಿಗಿಸುವಾಗ ಎರಡು ತುದಿಗಳ ಗುಂಡುಕೀಲುಗಳು ಒಂದೇ ಸಮತಲದಲ್ಲಿರಬೇಕು, ಇಲ್ಲದಿದ್ದರೆ ಪೂರ್ತಿ ತಿರುಗಿಸಿದಾಗ ಸ್ಟಿಯರಿಂಗ್ ಸಿಕ್ಕಿಕೊಳ್ಳುತ್ತದೆ. ಬಿಗಿಸಿದ ಮೇಲೆ ಹಿಡಿಯನ್ನು ಎರಡೂ ಕೊನೆಗಳಿಗೆ ತಿರುಗಿಸಿ ನೋಡುವುದು ಕಡ್ಡಾಯ. ಬಿಗಿಸುವಾಗಲೇ ರಾಡ್ ಒಂದಿಷ್ಟು ಸುತ್ತಿಕೊಳ್ಳುವುದರಿಂದ ಕೊನೆಯ ಅಳತೆ ಬಿಗಿಸಿದ ನಂತರದ್ದೇ ಆಗಿರಬೇಕು.

ಇಷ್ಟೆಲ್ಲ ಆದರೂ ಎಳೆತ ಕೆಲವೊಮ್ಮೆ ಮಾತ್ರ ಕಾಣಿಸಿದರೆ, ಯಾವಾಗ ಎಂಬುದನ್ನು ಗಮನಿಸಬೇಕು. ಬ್ರೇಕ್ ಹಿಡಿದಾಗ ಮಾತ್ರ ಎಳೆದರೆ ಎರಡು ಬ್ರೇಕುಗಳ ಹಿಡಿತ ಸಮನಾಗಿಲ್ಲ. ಟ್ಯಾಡ್‌ಪೋಲ್ ಟ್ರೈಕುಗಳಲ್ಲಿ ಒಂದೊಂದು ಬ್ರೇಕ್ ಸನ್ನೆ ಒಂದೊಂದು ಮುಂದಿನ ಚಕ್ರದ್ದಾಗಿರುವುದು ಸಾಮಾನ್ಯ, ಒಂದರ ಕೇಬಲ್ ಸಡಿಲವಾದರೆ ಇನ್ನೊಂದೇ ಮುಂದಾಗುತ್ತದೆ. ತುಳಿಯುವ ಲಯಕ್ಕೆ ಸರಿಯಾಗಿ ಮೂತಿ ಎಡಬಲ ತೂಗಿದರೆ ತಪ್ಪು ಬಹುತೇಕ ಸವಾರನದೇ, ಭಾರವಾದ ಗೇರಿನಲ್ಲಿ ತುಳಿಯುತ್ತ ಹಿಡಿಯನ್ನು ಜಗ್ಗುತ್ತಿರುತ್ತಾನೆ. ಗೇರ್ ಇಳಿಸಿ ನೋಡಬೇಕು, ಆಮೇಲೆ ಪೆಡಲ್ ಹೊತ್ತ ಮುಂದಿನ ಕೊಳವೆಯ ಬೋಲ್ಟುಗಳನ್ನು.

ಹೊಸ ಟೈರು ಹಾಕಿದ ಮೇಲೆ 100 ಕಿಲೋಮೀಟರಿಗೊಮ್ಮೆ ಟೋ ಅಳೆದೆ. ಎರಡು ಸಲವೂ ಒಂದು ಮಿಲಿಮೀಟರ್, ಅಂಗೈಗೆ ಯಾವ ಹಲ್ಲೂ ತಡೆಯುತ್ತಿಲ್ಲ, ಆ ಚುಂಯ್ ಸದ್ದೂ ಇಲ್ಲ. ಮರದ ಪಟ್ಟಿಗಳು ಗ್ಯಾರೇಜಿನ ಮೊಳೆಗೆ ತೂಗುತ್ತಿವೆ. ಹಿಂದಿನ ಚಕ್ರ ಬಿಚ್ಚಿ ಹಾಕಿದಾಗಲೆಲ್ಲ ಮೊದಲು ಎಡಸಂದಿಗೆ, ಆಮೇಲೆ ಬಲಸಂದಿಗೆ ಕಿರುಬೆರಳು ತೂರಿಸಿ ನೋಡಿಯೇ ಸೀಟಿಗೆ ಒರಗುತ್ತೇನೆ.